ದಾರಿ ತಪ್ಪಿದ ತರುಣರೂ ನಮ್ಮ ಹೊಣೆಯೂ



ತಪ್ಪು ಮಾಡಿದವನು ಅದಕ್ಕೆ ಉತ್ತರ ಹೇಳಲೇಬೇಕೆಂಬುದರಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಶಿಕ್ಷೆಯೆಂದರೆ ಸೆರೆಮನೆಯೊಂದೇ ಎಂದು ನಾವು ಭಾವಿಸಿಬಿಟ್ಟಿದ್ದೇವೆ. ಹತ್ತೊಂಬತ್ತರ ತರುಣನೊಬ್ಬನು ಮೊದಲ ಬಾರಿಗೆ ಸಣ್ಣ ಕಳವಿನಲ್ಲಿ ಸಿಕ್ಕಿಬಿದ್ದರೆ, ಕೆಲವು ತಿಂಗಳ ಸೆರೆವಾಸ ಅವನಿಗೆ ಕಲಿಸುವುದಾದರೂ ಏನನ್ನು? ಇದ್ದ ಕೆಲಸ ಹೋಗುತ್ತದೆ. ಪಳಗಿದ ಅಪರಾಧಿಗಳ ಸಹವಾಸ ದೊರೆಯುತ್ತದೆ.

ನಮ್ಮ ಶಾಸನವು ಇದನ್ನು ಎಂದೋ ಮನಗಂಡಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದಂತೆ, ಜೀವಾವಧಿ ಶಿಕ್ಷೆಗೆ ಗುರಿಯಾಗುವ ಅಪರಾಧಗಳನ್ನುಳಿದು, 21 ವರ್ಷ ತುಂಬದವನನ್ನು ಸೆರೆಗೆ ಕಳುಹಿಸುವ ಮುನ್ನ ನ್ಯಾಯಾಲಯವು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು. ಬೇರೆ ದಾರಿ ತಕ್ಕುದಲ್ಲವೆಂದು ಕಂಡರೆ ಮಾತ್ರ, ಕಾರಣಗಳನ್ನು ಬರೆದಿಟ್ಟು, ಕಾರಾವಾಸ ವಿಧಿಸಬೇಕು. ಎಚ್ಚರಿಕೆ ಹೇಳಿ ಬಿಡುವುದು, ಇಲ್ಲವೇ ಮೂರು ವರ್ಷ ಮೀರದ ಅವಧಿಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದು, ಇವೇ ಆ ಬೇರೆ ದಾರಿಗಳು. ನೊಂದವರಿಗೆ ಪರಿಹಾರ ಕೊಡಿಸಲೂ ಅವಕಾಶವುಂಟು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಇನ್ನೊಂದು ಹೆಜ್ಜೆ ಮುಂದಿಟ್ಟಿದೆ: 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸ್ವತ್ತನ್ನು ಕದ್ದು ಮೊದಲ ಸಲ ಶಿಕ್ಷೆಗೊಳಗಾದವನು ಅದನ್ನು ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ.

ಹಾಗಿದ್ದರೂ ಒಂದು ತೊಡಕಿದೆ. ಮುಚ್ಚಳಿಕೆಯ ಮೇಲೆ ಬಿಡಬೇಕಾದರೆ, ಆ ತರುಣನಿಗಾಗಲಿ ಅವನ ಜಾಮೀನುದಾರನಿಗಾಗಲಿ ನೆಲೆಯಾದ ವಾಸಸ್ಥಳವೋ ನಿಯತವಾದ ಉದ್ಯೋಗವೋ ಇರಬೇಕು. ಊರು ಬಿಟ್ಟು ಕೂಲಿಗೆ ಬಂದವನಿಗೆ, ತಂದೆತಾಯಿಗಳಿಲ್ಲದವನಿಗೆ ಅದೆಲ್ಲಿಂದ ಬರಬೇಕು? ಬಾಗಿಲನ್ನು ಕಾನೂನು ತೆರೆದಿದೆ. ಕೈಹಿಡಿದು ಹೊರತರುವವರು ಬೇಕಾಗಿದ್ದಾರೆ.

ಹೀಗೆ ಬಿಡುಗಡೆಯಾದವನಿಗೆ ಅಪರಾಧ ನಿರ್ಣಯದ ಅನರ್ಹತೆ ತಟ್ಟಬಾರದೆಂದು ಅದೇ ಅಧಿನಿಯಮದ 12ನೆಯ ಪ್ರಕರಣವು ಹೇಳುತ್ತದೆ. ಆದರೆ ಕಾನೂನು ಅಳಿಸಿದ ಕಳಂಕವನ್ನು ಕೇರಿಯ ನಾಲಗೆ ಅಳಿಸಲೊಲ್ಲದು. ಸೆರೆವಾಸ ಮುಗಿಸಿ ಬಂದವನ ಪಾಡಂತೂ ಇನ್ನೂ ಕಷ್ಟ: ಬಾಡಿಗೆಗೆ ಕೋಣೆಯಿಲ್ಲ, ಕೆಲಸವಿಲ್ಲ, ಹಳೆಯ ಗೆಳೆಯರು ಮಾತ್ರ ಕಾದು ನಿಂತಿರುತ್ತಾರೆ. ಅವನ ಮೊದಲ ಕೆಲವು ವಾರಗಳು ಬಲು ನಾಜೂಕಾದವು.

ಆದ್ದರಿಂದ ನಮ್ಮಲ್ಲಿ ಕಾರ್ಯಾಗಾರ, ಅಂಗಡಿ, ತೋಟವುಳ್ಳವರು ವರ್ಷಕ್ಕೆ ಒಬ್ಬ ತರುಣನಿಗಾದರೂ ಕೆಲಸ ಕೊಡೋಣ. ನೆಲೆಯುಳ್ಳವರು ಯೋಗ್ಯನೆಂದು ಕಂಡವನಿಗೆ ಜಾಮೀನು ನಿಲ್ಲೋಣ. ಇವರಿಗೆ ಉದ್ಯೋಗ ಹುಡುಕಿಕೊಡುವ ಹೊಣೆಯೂ ಪರಿವೀಕ್ಷಣಾಧಿಕಾರಿಯ ಮೇಲಿದೆ. ಅವರನ್ನು ಕಂಡು ನಮ್ಮ ಹೆಸರು, ವಿಳಾಸಗಳನ್ನು ಕೊಟ್ಟುಬರೋಣ. ಕದ್ದವನೊಂದಿಗೆ ಕಳೆದುಕೊಂಡವರನ್ನೂ ಮರೆಯದೆ, ಅವನ ದುಡಿಮೆಯಿಂದಲೇ ಅವರ ನಷ್ಟ ತುಂಬುವಂತೆ ನೋಡಿಕೊಳ್ಳೋಣ. ನೂರು ವರ್ಷ ತುಂಬಿದ ಈ ಸಮುದಾಯಕ್ಕೆ ಇಷ್ಟು ಕೆಲಸ ಭಾರವಾಗದು.