ಸೆರೆಮನೆಯ ಕಲ್ಲು, ಉದ್ಯಾನದ ನೆರಳು

ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಹಳೆಯ ಮನೆಯೊಂದನ್ನು ಕೆಡವುವುದನ್ನು ನೀವೆಲ್ಲ ನೋಡಿರುತ್ತೀರಿ. ಮೊದಲು ಬಾಗಿಲು, ಕಿಟಕಿ, ಸರಳುಗಳು ಲಾರಿ ಏರುತ್ತವೆ. ಆಮೇಲೆ ಗೋಡೆಯ ಸರದಿ. ಬಾಗಿಲು ಇನ್ನಾರದೋ ಮನೆ ಸೇರುತ್ತದೆ, ಗೋಡೆ ಯಾವುದೋ ಹಳ್ಳ ತುಂಬುತ್ತದೆ. ಊರಿನ ದೊಡ್ಡ ಕಟ್ಟಡಗಳ ಪಾಡೂ ಬಹುಮಟ್ಟಿಗೆ ಇದೇ. ಎಲ್ಲೋ ಕೆಲವಕ್ಕೆ ಮಾತ್ರ ಉದ್ಯಾನದಲ್ಲಿ ಮರುಹುಟ್ಟು ಸಿಗುತ್ತದೆ.

ಕೆನಡಾದ ಟೊರಾಂಟೊದಲ್ಲಿ ಗಿಲ್ಡ್ ಪಾರ್ಕ್ ಎಂಬ ತೋಟವಿದೆ. ನಗರದಲ್ಲಿ ಕೆಡವಿದ ಕಟ್ಟಡಗಳ ಕಂಬ, ಕಮಾನುಗಳನ್ನು ಸ್ಪೆನ್ಸರ್ ಮತ್ತು ರೋಸಾ ಕ್ಲಾರ್ಕ್ ದಂಪತಿ ಅಲ್ಲಿಗೆ ಸಾಗಿಸಿದರು. ಒಂದು ಬ್ಯಾಂಕಿನ ಅಮೃತಶಿಲೆಯ ಕಂಬಗಳೇ 1982ರಲ್ಲಿ ಬಯಲು ರಂಗಮಂದಿರವಾದವು. ನಮ್ಮಲ್ಲೂ ಇಂಥ ಹುಚ್ಚಿನವರಿದ್ದರು. ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ, ತಂದು, ಮತ್ತೆ ಜೋಡಿಸಿ ‘ಹಸ್ತಶಿಲ್ಪ’ ಪಾರಂಪರಿಕ ಗ್ರಾಮವನ್ನೇ ಕಟ್ಟಿದರು. ಕರಾವಳಿಯ ಚೌಕಿ ಮನೆಯ ನೆರೆಯಲ್ಲಿ ಮುಧೋಳದ ಅರಮನೆಯ ದರ್ಬಾರ್ ಹಾಲ್ ನಿಂತಿರುವುದು ಅಲ್ಲಿ ಮಾತ್ರ. ಆದರೂ ಒಂದು ಕೊರತೆ ಉಳಿಯುತ್ತದೆ. ಕಂಬ ಉಳಿಯಿತು, ಅದು ನಿಂತಿದ್ದ ನೆಲ ಉಳಿಯಲಿಲ್ಲ.

ನೆಲವೂ ಉಳಿದ ಉದಾಹರಣೆ ನೋಡಬೇಕಾದರೆ ದೂರ ಹೋಗಬೇಕಿಲ್ಲ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿದು ಶೇಷಾದ್ರಿ ರಸ್ತೆಯತ್ತ ನಡೆದರಾಯಿತು. ಅಲ್ಲಿರುವ ಫ್ರೀಡಂ ಪಾರ್ಕ್ ಒಂದು ಕಾಲದ ಸೆಂಟ್ರಲ್ ಜೈಲು, ಬ್ರಿಟಿಷರ ಕಾಲದ್ದು. ನಟ್ಟನಡುವೆ ಕಾವಲು ಗೋಪುರ, ಸುತ್ತ ಚಕ್ರದ ಅರಗಳಂತೆ ಚಾಚಿದ ಬ್ಯಾರಕ್ಕುಗಳು. ಒಬ್ಬ ಕಾವಲುಗಾರ ನಿಂತಲ್ಲಿಂದಲೇ ಎಲ್ಲರ ಮೇಲೂ ಕಣ್ಣಿಡಬೇಕೆಂಬ ಲೆಕ್ಕಾಚಾರ ಅದು. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಜಾಗ ಖಾಲಿಯಾಯಿತು. ಮೆಜೆಸ್ಟಿಕ್ ಪಕ್ಕದ ಖಾಲಿ ಜಾಗ ಎಂದರೆ ಏನಾಗುತ್ತಿತ್ತು ಎಂಬುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ! ಆದರೆ ಇಲ್ಲಿ ಹಾಗಾಗಲಿಲ್ಲ. ವಾಸ್ತುಶಿಲ್ಪಿಗಳಾದ ನಿಶಾ ಮ್ಯಾಥ್ಯೂ ಘೋಷ್ ಮತ್ತು ಸೌಮಿತ್ರೋ ಘೋಷ್ ಅವರ ವಿನ್ಯಾಸದಂತೆ ಗೋಪುರ, ನೇಣುಗಂಬದ ಜಾಗ, ಬ್ಯಾರಕ್ಕಿನ ಭಾಗಗಳನ್ನು ಉಳಿಸಿಕೊಂಡೇ ಉದ್ಯಾನ ಮೂಡಿತು. 2008ರ ನವೆಂಬರಿನಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು.

ಇದು ಉಳಿಯುವುದಕ್ಕೂ ಹಡ್ಸನ್ ವೃತ್ತದ ಸೆನೊಟಾಫ್ ಅಳಿಯುವುದಕ್ಕೂ ಇರುವ ವ್ಯತ್ಯಾಸ ಗಮನಾರ್ಹ. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಬ್ರಿಟಿಷರ ಕಡೆಯವರ ನೆನಪಿನ ಸ್ತಂಭ ಅದು. 1964ರಲ್ಲಿ ನೆಲಸಮವಾಯಿತು. ಸೆನೊಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ಜೈಲೂ ಪರಕೀಯರದೇ, ಆದರೆ ಅದರೊಳಗಿನ ನೆನಪು ನಮ್ಮದು. 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧಿತರಾಗಿ ಈ ಜೈಲು ಸೇರಿದರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳುತ್ತ ಇಲ್ಲಿ ತಿಂಗಳುಗಟ್ಟಲೆ ಇದ್ದರು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ನಾಯಕರ ಹೆಸರು ಎಲ್ಲರಿಗೂ ಗೊತ್ತು, ಆಕೆಯ ಹೆಸರನ್ನೂ ಜೊತೆಗೆ ಹೇಳಬೇಕು.

ಇನ್ನೊಂದು ವಿಚಿತ್ರವಿದೆ. 2021ರ ಸರ್ಕಾರಿ ಆದೇಶ ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆಗಳಿಗೆ ಗೊತ್ತುಮಾಡಿದ ಜಾಗ ಈ ಉದ್ಯಾನವೇ. ಅಧಿಕಾರದ ವಿರುದ್ಧ ದನಿಯೆತ್ತಿದವರನ್ನು ಆಗ ಹಿಡಿದು ತಂದು ಕೂಡಿದ ಆವರಣಕ್ಕೆ, ದನಿಯೆತ್ತುವವರು ಈಗ ತಾವಾಗಿಯೇ ಬರಬೇಕು. ಇದನ್ನು ಸ್ವಾತಂತ್ರ್ಯ ಎನ್ನಬೇಕೋ ಅನುಕೂಲ ಎನ್ನಬೇಕೋ ಎಂದು ವಾದಿಸುವವರಿದ್ದಾರೆ. ವಾದ ಏನೇ ಇರಲಿ, ರೈತರು, ಅಂಗನವಾಡಿ ಕಾರ್ಯಕರ್ತೆಯರು ಅಲ್ಲಿ ಬುತ್ತಿ ಬಿಚ್ಚಿ ಕೂರುತ್ತಾರೆ. ಗೋಪುರ ಹಾಗೆಯೇ ನಿಂತಿದೆ, ಮೇಲೆ ಕಾವಲುಗಾರನಿಲ್ಲ.