ಪದವಿಯೊಳಗಿನ ಹೆಜ್ಜೆ



ಇಂದು ನಿಮ್ಮ ಕೈಸೇರಿದ್ದಕ್ಕೆ ಕನ್ನಡದಲ್ಲೂ ಮರಾಠಿಯಲ್ಲೂ ಪದವಿ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಡಿಗ್ರಿ. ಪದವಿ ಹುಟ್ಟಿದ್ದು ಸಂಸ್ಕೃತದ ‘ಪದ’ದಿಂದ, ಪದವೆಂದರೆ ಹೆಜ್ಜೆ. ಸಂಸ್ಕೃತದಲ್ಲಿ ಪದವಿಗೆ ದಾರಿ ಎಂಬ ಅರ್ಥವೂ ಉಂಟು. ಡಿಗ್ರಿಯ ಬೇರು ಲ್ಯಾಟಿನ್ನಿನ ‘ಗ್ರಾದುಸ್’. ಅದೂ ಹೆಜ್ಜೆಯೇ, ಮೆಟ್ಟಿಲೇ. ಅದರ ಒಡಹುಟ್ಟು ‘ಗ್ರಾದಿ’ ಎಂಬ ಕ್ರಿಯಾಪದ, ಅಂದರೆ ಹೆಜ್ಜೆ ಹಾಕು. ಗ್ರ್ಯಾಜುಯೇಟ್, ಗ್ರೇಡ್, ಪ್ರೋಗ್ರೆಸ್ ಎಲ್ಲ ಅದೇ ಮನೆತನದವು. ಕಾಂಗ್ರೆಸ್ ಕೂಡ: ನಡೆದು ಬಂದು ಒಂದೆಡೆ ಕೂಡುವುದು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪರೀಕ್ಷೆಗೆ ಇಂಗ್ಲಿಷ್ ಎಂದು ಬೆಳೆದ ನಿಮ್ಮಲ್ಲಿ ಹಲವರು ಇಂಗ್ಲಿಷನ್ನು ಉರು ಹೊಡೆದಿದ್ದೀರಿ. ನಾಮಪದದೊಳಗಿನ ಕೆಲಸವನ್ನು ಹುಡುಕಿ ನೋಡಿ, ಆ ಭಾರ ಇಳಿಯುತ್ತದೆ. ಸಿಂಗ್ ಸ್ವರ ಬದಲಿಸಿ ಸಾಂಗ್ ಆಯಿತು. ಬ್ಲಡ್‌ನಿಂದ ಬ್ಲೀಡ್, ಫುಡ್‌ನಿಂದ ಫೀಡ್ ಹುಟ್ಟಿದವು. ಅಲ್ಲಿ ನಾಮಪದವೇ ತಾಯಿ. ಇದು ನಮಗೆ ಹೊಸತಲ್ಲ. ಕನ್ನಡದ ಕೆಡು ಸ್ವರ ಹಿಗ್ಗಿಸಿ ಕೇಡು ಆಗುತ್ತದೆ, ಬಿಡು ಬೀಡಾಗುತ್ತದೆ.

ನನಗೆ ಬಹಳ ಪ್ರಿಯವಾದದ್ದು ಅಡಿಗೆ. ಉಡು-ಉಡಿಗೆ, ಹಾಸು-ಹಾಸಿಗೆ ಇದ್ದಂತೆ ‘ಅಡು’ವಿನಿಂದ ಅಡಿಗೆ ಬಂತು. ಅಡು ಎಂದರೆ ಬೇಯಿಸು. ಇಂದು ಯಾರೂ ಅನ್ನ ಅಡುವುದಿಲ್ಲ, ಅಡಿಗೆ ಮಾಡುತ್ತೇವೆ. ಕ್ರಿಯಾಪದ ಮರೆಯಾಯಿತು, ಮಗಳು ಉಳಿದಳು. ಆದರೂ ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯಲ್ಲಿ ಆ ತಾಯಿ ಇನ್ನೂ ಉಸಿರಾಡುತ್ತಿದ್ದಾಳೆ. ಅಟ್ಟ ಎಂದರೆ ಬೇಯಿಸಿ ಮುಗಿಸಿದ.

ಮರಾಠಿಯ ‘ದೇಣೆ’ ನೋಡಿ. ಕ್ರಿಯಾಪದವಾಗಿ ಅದು ಕೊಡುವುದು, ನಾಮಪದವಾಗಿ ತೀರಿಸಬೇಕಾದ ಸಾಲ. ನಮ್ಮ ಅಡತಿ ಅಂಗಡಿಗಳ ಲೆಕ್ಕದಲ್ಲಿ ಕೊಡಬೇಕಾದ ದೇಣೆಯೂ ಬರಬೇಕಾದ ಯೇಣೆಯೂ ಹೀಗೆಯೇ ನಡೆಯುತ್ತವೆ. ಮರಾಠಿಯ ತೂಪ ನಮ್ಮ ತುಪ್ಪವೇ. ಅಣ್ಣ, ಅಕ್ಕ ಎರಡೂ ಕಡೆಯವರು.

ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದ ನಮ್ಮ ಉದಗೀರ, ನಿಲಂಗಾ ತಾಲೂಕುಗಳು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯಕ್ಕೆ ಸೇರಿದವು. ಅವು ಈಗಿರುವ ಲಾತೂರು ಜಿಲ್ಲೆ ಆದದ್ದು 1982ರಲ್ಲಿ. ಇಷ್ಟು ಗೆರೆಗಳು ಸರಿದರೂ ಉದಗೀರ, ನಿಲಂಗಾ, ಉಮರ್ಗಾದ ಎಷ್ಟೋ ಮನೆಗಳಲ್ಲಿ ಎರಡೂ ಮಾತು ಒಂದೇ ಪಡಸಾಲೆಯಲ್ಲಿ ಕೂತಿವೆ. ಇದನ್ನು ಕೊರತೆಯೆಂದು ನಿಮಗೆ ಯಾರಾದರೂ ಹೇಳಿದ್ದರೆ ನಂಬಬೇಡಿ.

ವೈಯಾಕರಣಿ ಕೇಶಿರಾಜ 13ನೆಯ ಶತಮಾನದಲ್ಲೇ ಕನ್ನಡದ ಧಾತುಗಳನ್ನು ಪಟ್ಟಿ ಮಾಡಿದ. ಮೋಲ್ಸ್‌ವರ್ತ್ 1831ರಲ್ಲಿ ಮರಾಠಿಗೆ, ಕಿಟ್ಟೆಲ್ 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟರು. ನಿಮ್ಮ ಅಜ್ಜಿಯ ಬಾಯಲ್ಲಿರುವುದೆಲ್ಲ ಅವುಗಳಲ್ಲಿ ಸಿಕ್ಕೀತೆಂದು ನಾನು ನಂಬಿಲ್ಲ. ರಾಶಿ ಮಾಡಲು, ಹಿಟ್ಟು ಮಾಡಲು ಯಂತ್ರ ಬಂದ ಮೇಲೆ ತೂರುವುದು, ಕೇರುವುದು, ಬೀಸುವುದು ಕೈಬಿಟ್ಟು ಹೋಗುತ್ತಿವೆ. ಅವುಗಳೊಂದಿಗೆ ಬೀಸುಕಲ್ಲಿನಂಥ ಹೆಸರುಗಳೂ. ಪುಣೆಗೋ ಹೈದರಾಬಾದಿಗೋ ಹೊರಡುವ ಮೊದಲು ಅಜ್ಜಿಯ ಹತ್ತಿರ ಕೂತು ಆ ಕೆಲಸಗಳ ಹೆಸರು ಕೇಳಿ, ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ, ಮತ್ತು ಬರೆದಿಡಿ.