ಎದ್ದು ಹೋಗುವ ಮುನ್ನ ಗುರುತು



ಒಮ್ಮೆ ಓವರ್‌ಟೈಮ್ ಗಂಟೆ ಕೂಡುತ್ತಿದ್ದಾಗ ಸಾಹೇಬರು ಕರೆದರು. ಮೊತ್ತವನ್ನು ಬರೆದಿಡದೆ ಎದ್ದು ಹೋದೆ. ಬಂದು ನೆನಪಿನಿಂದಲೇ ಮುಂದುವರಿಸಿದೆ. ಅಂದು ಏನೂ ತಿಳಿಯಲಿಲ್ಲ. ಪಗಾರದ ದಿನ ಒಬ್ಬ ಕಾರ್ಮಿಕನ ಕೈಗೆ ಎರಡು ದಿನದ ಕೂಲಿ ಕಡಿಮೆ ಬಿತ್ತು. ತಪ್ಪು ನನ್ನದೇ.

ನಮ್ಮ ಅಂಧೇರಿಯ ಸೀಪ್ಝಿನಲ್ಲಿ ದುಡಿಯುವ ತರುಣರಿಗೆ ಗಣಕಯಂತ್ರದಲ್ಲೂ ಇದೇ ಎಚ್ಚರ ಬೇಕು. ಒಂದೇ ಪ್ರೋಗ್ರಾಮಿನಲ್ಲಿ ಥ್ರೆಡ್ ಎಂಬ ಹಲವು ಎಳೆಗಳು ಸರದಿಯಂತೆ ನಡೆಯುತ್ತವೆ. ಪ್ರೊಸೆಸರು ಕೈಯಲ್ಲಿರುವ ಅಂಕಿಗಳನ್ನು ರಿಜಿಸ್ಟರುಗಳೆಂಬ ಪುಟ್ಟ ಖಾನೆಗಳಲ್ಲಿ ಇಡುತ್ತದೆ. ಎಲ್ಲ ಎಳೆಗಳಿಗೂ ಖಾನೆಗಳು ಅವೇ. ಆದ್ದರಿಂದ ಒಂದು ಎಳೆಯನ್ನು ಬಿಡುವ ಮುನ್ನ ಅದರ ಅಂಕಿಗಳನ್ನು ಅದರದೇ ಸ್ಟ್ಯಾಕಿನಲ್ಲಿ ಬರೆದಿಟ್ಟು, ಆ ಸ್ಟ್ಯಾಕಿನ ತುದಿ ಎಲ್ಲಿದೆಯೆಂದು ಗುರುತು ಮಾಡಿ, ಮುಂದಿನ ಎಳೆಯ ಅಂಕಿಗಳನ್ನು ತುಂಬಿಕೊಳ್ಳಬೇಕು.

ಎಲ್ಲವನ್ನೂ ಬರೆಯಬೇಕೆ? ಎಳೆ ತಾನಾಗಿ ಸರದಿ ಬಿಟ್ಟುಕೊಟ್ಟರೆ ಬೇಕಿಲ್ಲ. 64 ಬಿಟ್ಟಿನ ಇಂಟೆಲ್ ಯಂತ್ರದಲ್ಲಿ, ಲಿನಕ್ಸ್ ಪದ್ಧತಿಯಂತೆ, 16 ಸಾಮಾನ್ಯ ರಿಜಿಸ್ಟರುಗಳಲ್ಲಿ 6, ಜೊತೆಗೆ ಸ್ಟ್ಯಾಕಿನ ಗುರುತು ಸಾಕು. ಉಳಿದವುಗಳಲ್ಲಿ ಬೇಕಾದುದನ್ನು ಕರೆದ ಭಾಗವೇ ಮೊದಲು ತೆಗೆದಿಟ್ಟಿರುತ್ತದೆ. ನಡುವೆ ಬಲವಂತವಾಗಿ ನಿಲ್ಲಿಸಿದರೆ ಮಾತ್ರ ಎಲ್ಲವನ್ನೂ ಉಳಿಸಬೇಕು.

ಒಂದು ಖಾನೆ ಮರೆತರೂ ಯಂತ್ರ ಅಲ್ಲೇ ನಿಂತು ಕೂಗಬೇಕೆಂದಿಲ್ಲ. ಇನ್ನೊಬ್ಬರ ಅಂಕಿಯ ಮೇಲೆ ಕೂಡುತ್ತ ಹೋಗಬಹುದು, ನನ್ನ ಹಾಗೆ. ನಷ್ಟ ಕಾಣುವುದು ಪಗಾರದ ದಿನ.